ರೋಷನಬಿ ಬಳಿದ ಬಟ್ಟಲು

ತೀರಿಕೊಂಡವರಿಗೆ ಜೀವವಾಗಿದ್ದ ಅಡುಗೆಯನ್ನೇ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆಗೆ ಇಡಬೇಕು. ಗಂಡ ಲಾಡ್ಲೆಸಾಬನಿಗೆ ಏನು ಸೇರುತ್ತಿತ್ತೆಂದು ಮೋಮಿನಪುರದ ರೋಷನಬಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆ ಹಾಳು ಸಾಸೇಜು ಸಾಲನ್, ಮತ್ತೇನು!

ಲಾಡ್ಲೆಸಾಬ ಸೌದಿಯ ಜಿದ್ದಾದಲ್ಲಿ ಸ್ವೀಡನ್ನಿನವರ ಕಂಪನಿಯೊಂದರ ಮೆಸ್ಸಿನಲ್ಲಿ ಬಾವರ್ಚಿಯಾಗಿದ್ದ. ರಜೆಗೆ ಬಂದಾಗಲೆಲ್ಲ ಅವರ ದೇಶದ ಈ ಅಡುಗೆ ಮಾಡುತ್ತಿದ್ದ. ಕೊಚ್ಚಿದ ಮಾಂಸ ತುಂಬಿದ ಸಾಸೇಜನ್ನು ಉದ್ದುದ್ದ ಸೀಳಿ, ಉಳ್ಳಾಗಡ್ಡಿಯ ಜತೆ ಹುರಿದು, ಟೊಮ್ಯಾಟೊ ರಸ, ಕೆನೆ ಸುರಿದು ಕುದಿಸಿ, ಅನ್ನದ ಮೇಲೆ ಹಾಕಿ ಹೆಂಡತಿಯ ಮುಂದಿಡುತ್ತಿದ್ದ. ಖಾರವಿಲ್ಲ, ಮಸಾಲೆಯಿಲ್ಲ, ಬರೀ ಸಪ್ಪೆ. ತುತ್ತು ಗಂಟಲಿಗಿಳಿಸುವಷ್ಟರಲ್ಲಿ ಆಕೆಗೆ ಸಾಕುಸಾಕಾಗುತ್ತಿತ್ತು. ಅಷ್ಟು ದೂರದಿಂದ ಬಂದ ಮನುಷ್ಯ ಕೈಯಾರೆ ಮಾಡಿದ್ದನ್ನು ಬೇಡ ಅನ್ನುವುದು ಹೇಗೆ? "ಭಾಳ ಛಲೋ ಆಗೇದ ರೀ," ಎಂದು ಬಟ್ಟಲು ಬಳಿದು ಉಣ್ಣುತ್ತಿದ್ದಳು. ಅವನೂ ಎದುರು ಕೂತು ಉಣ್ಣುತ್ತಿದ್ದ.

ಈಗ ಸೂಪರ್ ಮಾರ್ಕೆಟ್ಟಿನಿಂದ ಕೋಳಿ ಸಾಸೇಜು ತಂದು ತಾನೇ ಮಾಡಿದಳು. ಖಾರಪುಡಿಗೆ ಹೋದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಮಲಾಪುರದ ಬಸ್ಸು ಹತ್ತಿದಳು. ಅದು ಅವನ ಹುಟ್ಟೂರು, ಮಣ್ಣು ಮಾಡಿದ್ದೂ ಅಲ್ಲೇ. ಫಾತಿಹಾ ಅವನ ಅಕ್ಕ ಹುಸೇನಬಿಯ ಮನೆಯಲ್ಲಿ.

ಹುಸೇನಬಿ ಮುಚ್ಚಳ ತೆಗೆದು ಮೂಸಿದಳು. "ಇದ್ಯಾಕ ತಂದಿ?"

"ಅವರಿಗೆ ಇದಂದ್ರ ಜೀವ ಇತ್ತಲ್ಲ, ಆಪಾ."

"ಯಾರಿಗೆ, ಲಾಡ್ಲ್ಯಾಗ? ಯಾ ಅಲ್ಲಾ! ದಿನಾ ಕುದಿಸಿ ಕುದಿಸಿ, ಅದರ ವಾಸನಿಗೇ ಹೊಟ್ಟಿ ತೊಳಸ್ತದ ಅಂತಿದ್ದ. ರೋಷನಗ ಸೇರ್ತದ, ಬಟ್ಟಲಾ ಬಳದು ಉಣ್ತಾಳ, ಅದಕ್ಕ ಮಾಡ್ತೀನಿ ಅಂತಿದ್ದ."

ರೋಷನಬಿ ಡಬ್ಬಿಯ ಮುಚ್ಚಳ ಹಾಕಿದಳು. "ಮತ್ತ ಅವರಿಗೆ ಏನು ಸೇರ್ತಿತ್ತು?" ಅಯ್ಯೋ, ಹೆಂಡತಿ ಕೇಳುವ ಮಾತೇ ಇದು!

"ನಿನ್ನ ಕೈಯಾಗಿನ ಪುಂಡಿಪಲ್ಯ, ಜ್ವಾಳದ ರೊಟ್ಟಿ. ಇಲ್ಲಿ ಬಂದು ನನ್ನ ಕಡಿಂದ ಮಾಡಿಸ್ಕೊಂಡು, ರೋಷನ ಮಾಡಿದಂಗ ಆಗಿಲ್ಲಂತ ನನಗೇ ಬೈತಿದ್ದ."

ಮದುವೆಯಾದ ಹೊಸದರಲ್ಲಿ ಅದನ್ನೇ ಮಾಡುತ್ತಿದ್ದಳು. ಪರದೇಶದಿಂದ ಬರತೊಡಗಿದವನಿಗೆ ಪುಂಡಿಪಲ್ಯದಂಥ ಬಡವರ ಊಟ ಬಡಿಸುವುದೇ ಎಂದು ಆಮೇಲೆ ಒಮ್ಮೆಯೂ ಮಾಡಿರಲಿಲ್ಲ. ಅವನೂ ಬಾಯಿಬಿಟ್ಟು ಕೇಳಿರಲಿಲ್ಲ.

"ಮೌಲ್ವಿಸಾಬರಿಗೆ ಜರಾ ಕೂಡ್ಲಿಕ್ಕೆ ಹೇಳ್ರಿ, ಆಪಾ," ಎಂದವಳೇ ಹಿತ್ತಲಿನ ಪುಂಡಿಸೊಪ್ಪು ಕಿತ್ತು ಒಲೆ ಹೊತ್ತಿಸಿದಳು. ಕಣ್ಣೀರೊರೆಸುತ್ತಲೇ ರೊಟ್ಟಿ ಬಡಿದಳು. ಹೊರಗೆ ಫಾತಿಹಾಕ್ಕೆ ಕಾಯುತ್ತಿದ್ದ ಜನ ಗೊಣಗಿದರು. ಗೊಣಗಲಿ!

ಫಾತಿಹಾ ಮುಗಿಯಿತು. ಪುಂಡಿಪಲ್ಯ ಎಲ್ಲರಿಗೂ ಹಂಚಿಹೋಯಿತು. ಸಾಸೇಜನ್ನು ಮಾತ್ರ ಯಾರೂ ಮುಟ್ಟಲಿಲ್ಲ. ರೋಷನಬಿ ಅದನ್ನು ಬಟ್ಟಲಿಗೆ ಸುರಿದುಕೊಂಡು ಒಲೆಯ ಮುಂದೆ ಕೂತಳು. ಒಂದೊಂದೇ ತುತ್ತು ನುಂಗಿ, ಕೊನೆಗೆ ಬಟ್ಟಲನ್ನು ಬೆರಳಿನಿಂದ ಬಳಿದಳು.

"ಭಾಳ ಛಲೋ ಆಗೇದ ರೀ," ಎಂದು ಬಿಕ್ಕಿಬಿಕ್ಕಿ ಅತ್ತಳು.