ಆ ಕಡೆಯ ದ್ರಾಕ್ಷಿ

ರುಕ್ಮವ್ವ ಮೂರನೇ ತಟ್ಟೆಯ ಅರ್ಧಕ್ಕೆ ಬಂದಿದ್ದಳು. ಬೆರಳುಗಳು ಒಣದ್ರಾಕ್ಷಿಯನ್ನು, ಇಲ್ಲಿಯವರ ಬೇದಾಣಿಯನ್ನು, ಹರವುತ್ತಾ ಹೋದಂತೆ ಹೆಬ್ಬೆರಳು ತಾನಾಗಿಯೇ ಕಡ್ಡಿಯನ್ನೂ ಕಪ್ಪು ಕಾಳನ್ನೂ ಅಂಚಿಗೆ ತಳ್ಳುತ್ತಿತ್ತು. ಮಹಾರಾಷ್ಟ್ರದ ಮಿರಜಿನ ಹೊರಗಿನ ಈ ಶೆಡ್ಡಿನಲ್ಲಿ ಇಪ್ಪತ್ತೆರಡು ಹೆಂಗಸರ ಸಾಲು ಅವಳ ಕೈಕೆಳಗೆ. ಅವಳು ನೋಡಿ ತುಂಬಿಸಿದ ಒಂದು ಪೆಟ್ಟಿಗೆಯೂ ಸಾಂಗಲಿ ಪೇಟೆಯಿಂದ ಹಿಂದಿರುಗಿದ್ದಿಲ್ಲ.

ಮೇಲ್ವಿಚಾರಕ ಗಜಾನನ ಹಾಳೆ, ಪೆನ್ನು ಹಿಡಿದು ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಮಾವಶಿ, ಊರಾಗಿನ ಹುಡುಗ್ರು ಅರ್ಜಿ ಕೊಟ್ಟಾರ. ಕೆಲಸಾ ಮೊದಲ ಇಲ್ಲಿಯವ್ರಿಗೆ ಅಂತ. ಮಾಲಕರೂ ಹೂಂ ಅಂದಾರ. ಗಡಿ ಆ ಕಡಿಂದ ಬಂದಾವ್ರ ಹೆಸರು ಬರದ ಕೊಡ್ರಿ. ನಾಳಿಂದ ಅವ್ರನ್ನ ಗೇಟಿನಾಗ ಬಿಡಂಗಿಲ್ಲ."

"ನಾನ ಯಾಕ ಬರೀಬೇಕೋ?"

"ಯಾರು ಎಲ್ಲಿಯವ್ರಂತ ನಿಮಗಷ್ಟ ಗೊತ್ತು. ನಿಮ್ಮ ಕಾಳಜಿ ಬ್ಯಾಡ. ರುಕ್ಮವ್ವ ನಮ್ಮಾಕೀನ ಅಂದ್ರು ಮಾಲಕರು."

ರುಕ್ಮವ್ವನ ಬೆನ್ನು ನೆಟ್ಟಗಾಯಿತು. ಅಥಣಿ ತಾಲೂಕಿನ ಕೋಹಳ್ಳಿಯಿಂದ ಗಂಡನ ಹಿಂದೆ ಬಂದು ಇಪ್ಪತ್ತಾರು ವರ್ಷ. ರೇಶನ್ ಕಾರ್ಡು ಇಲ್ಲಿಯದಾಗಿ ಹದಿನೆಂಟು. ಆದರೂ ನಮ್ಮವಳೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಸುಖವೆನಿಸಿತು, ಅದನ್ನು ಅವಳು ತನ್ನಿಂದಲೇ ಬಚ್ಚಿಡಲಿಲ್ಲ.

ಗಜಾನನ ಹಾಳೆ, ಪೆನ್ನು ಅವಳ ಮುಂದಿಟ್ಟು ಎದ್ದು ಹೋದಮೇಲೆ ಪಕ್ಕದ ಅನುಸೂಯಾಬಾಯಿ ತಟ್ಟೆ ಬಿಟ್ಟು ತಿರುಗಿದಳು. ಇಲ್ಲೇ ಹತ್ತಿರದ ಖಂಡೇರಾಜುರಿಯಲ್ಲಿ ಹುಟ್ಟಿದವಳು.

"ಬರಿ ಅಕ್ಕಾ. ನಾ ಕೆಟ್ಟಾಕಿ ಅನಸಲಿ ಬೇಕಾದ್ರ. ಆ ಕಡಿಯವ್ರು ಕೊಟ್ಟಷ್ಟ ತಗೊಂಡು ಕುಂದರ್ತಾರ, ನಾವು ಪಗಾರ ಹೆಚ್ಚ ಮಾಡ್ರಿ ಅಂದ್ರ ಮಾಲಕರು ಗೇಟ್ ತೋರಸ್ತಾರ. ನನ್ನ ಮಗಳು ಮನಿಷಾ ಮನ್ಯಾಗ ಖಾಲಿ ಕುಂತಾಳ."

ಸುಳ್ಳಲ್ಲ. ರುಕ್ಮವ್ವ ಹಾಳೆಯನ್ನು ತಟ್ಟೆಯ ಕೆಳಗೆ ಸರಿಸಿದಳು.

ಸಾಲಿನ ತುದಿಯಲ್ಲಿ ಕೃಷ್ಣವ್ವ ಕೂತಿದ್ದಳು. ಅಥಣಿ ಕಡೆಯ ಐಗಳಿಯಿಂದ ಬಂದು ಆರು ದಿನ. ಗಂಡನ ಕಾಲಿನ ಆಪರೇಶನ್ನಿಗೆಂದು ಮಿರಜಿಗೆ ಬಂದವಳು. ಹಗಲು ಇಲ್ಲಿ ಕೆಲಸ, ಸಂಜೆ ಆಸ್ಪತ್ರೆ. ಕೆಲಸ ಹೋದರೆ ಗಂಡನನ್ನು ಅರ್ಧ ಉಪಚಾರದಲ್ಲೇ ಊರಿಗೆ ಒಯ್ಯಬೇಕು.

ಹೊಸಬರ ತಟ್ಟೆಯನ್ನು ತಿಂಗಳವರೆಗೆ ರುಕ್ಮವ್ವ ಇನ್ನೊಮ್ಮೆ ಆರಿಸಿಯೇ ಪೆಟ್ಟಿಗೆಗೆ ಹಾಕುವುದು ಶೆಡ್ಡಿನ ಪದ್ಧತಿ. ಕೃಷ್ಣವ್ವ ತಟ್ಟೆ ತಂದಿಟ್ಟಳು. ರುಕ್ಮವ್ವ ಮೇಲೆಮೇಲೆ ಬೆರಳಾಡಿಸಿದಳು. ಕಡ್ಡಿಯಿಲ್ಲ. ಇನ್ನೊಮ್ಮೆ ಆಡಿಸಿದಳು. ಕಪ್ಪಿಲ್ಲ.

"ಯಾರು ಕಲಿಸಿದ್ರು ನಿನಗ?"

"ಕಲಸೋದೇನ್ರಿ ಅಕ್ಕಾರ. ನಮ್ಮ ಕಡೆನೂ ಇದ ಕೆಲಸ." ಕೃಷ್ಣವ್ವ ಬಗ್ಗಿ ಒಂದು ಕಾಳನ್ನೆತ್ತಿ ಬೆಳಕಿಗೆ ಹಿಡಿದಳು. "ಇದು ನಮ್ಮ ಕಡೆ ತೆಲಸಂಗದ ಮಾಲ್ ನೋಡ್ರಿ. ಸಿಪ್ಪಿ ತೆಳ್ಳಗ, ಬಣ್ಣ ಜೇನಿನಂಗ."

ರುಕ್ಮವ್ವನಿಗೂ ಅದು ಗೊತ್ತಿತ್ತು. ಈ ವರ್ಷ ಬಂದ ಲಾರಿಗಳಲ್ಲಿ ಅರ್ಧ ಆ ಕಡೆಯವೇ. ಆರಿಸಿದ ಮೇಲೆ ಈ ಕಡೆಯದನ್ನೂ ಆ ಕಡೆಯದನ್ನೂ ಒಂದೇ ಪೆಟ್ಟಿಗೆಗೆ ಸುರಿಯುತ್ತಿದ್ದರು.

"ಬೇದಾಣಿಗಿ ಯಾರೂ ಕಾರ್ಡ್ ಕೇಳಲಿಲ್ಲ ಅನಸ್ತದ," ಎಂದು ಕೃಷ್ಣವ್ವ ನಕ್ಕಳು. ಗಜಾನನನ ಮಾತು ತುದಿಯವರೆಗೂ ಕೇಳಿಸಿತ್ತು.

ಅನುಸೂಯಾಬಾಯಿಗೂ ನಗು ತಡೆಯಲಾಗಲಿಲ್ಲ. "ಭಾರೀ ಬಾಯಿ ಅದ ನೋಡ ಇಕೀದು!"

ರುಕ್ಮವ್ವ ನಗಲಿಲ್ಲ. ಆ ತಟ್ಟೆಯನ್ನು ಎತ್ತಿ, ಪದ್ಧತಿಯಂತೆ ಇನ್ನೊಮ್ಮೆ ಆರಿಸದೆ, ಪೆಟ್ಟಿಗೆಗೆ ಸುರಿದಳು. ತಿಂಗಳು ತುಂಬುವ ಮೊದಲೇ ಇನ್ನೊಬ್ಬಳ ಕೈಯನ್ನು ಒಪ್ಪಿಕೊಂಡದ್ದು ಇದೇ ಮೊದಲು. ಸಾಲಿನ ಹೆಂಗಸರೆಲ್ಲ ಒಂದು ಕ್ಷಣ ಕೈ ನಿಲ್ಲಿಸಿದರು.

ಚಹದ ಹೊತ್ತಿಗೆ ಎಲ್ಲರೂ ಹೊರಗೆ ಹೋದರು. ರುಕ್ಮವ್ವ ಸೆರಗಿಗೆ ಕೈಯೊರೆಸಿಕೊಂಡು ಹಾಳೆಯನ್ನು ಮೊಣಕಾಲ ಮೇಲೆ ಹರಡಿದಳು. ಶಾಲೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಅಕ್ಷರ ನಿಧಾನವಾಗಿ ಬಂದವು, ಆದರೆ ದುಂಡಗೆ, ಒಂದಕ್ಕೊಂದು ತಾಗದಂತೆ. ಒಂದೇ ಹೆಸರು, ತನ್ನದೇ. ಅದರ ಮುಂದೆ ಊರು: ಕೋಹಳ್ಳಿ. ಸ್ವಲ್ಪ ಯೋಚಿಸಿ, ತಾಲೂಕನ್ನೂ ಬರೆದಳು.

"ಆತೇನ್ರಿ ಮಾವಶಿ?" ಗಜಾನನ ಬಾಗಿಲಲ್ಲಿ ನಿಂತು ಕೇಳಿದ.

"ಆತು. ನಾಳೆ ಗೇಟಿನಾಗ ನಿನ್ನ ಕೈಯಾಗ ಕೊಡ್ತೇನಿ."

ಹಾಳೆಯನ್ನು ನಾಲ್ಕಾಗಿ ಮಡಚಿ ಕುಪ್ಪಸದೊಳಗೆ ಸಿಕ್ಕಿಸಿ, ನಾಲ್ಕನೇ ತಟ್ಟೆಯನ್ನು ಮುಂದಕ್ಕೆಳೆದುಕೊಂಡಳು.