ಹುಟ್ಟುಹಬ್ಬಕ್ಕೆ ಮೊದಲ ರೈಲು

"ಎಲ್ಲಿಗೆ ಅಂತ ಗೊತ್ತಿಲ್ಲ, ಯಾವಾಗ ವಾಪಸ್ಸು ಅಂತಲೂ ಗೊತ್ತಿಲ್ಲ. ಇದನ್ನ ಪ್ಲಾನು ಅಂತಾರೇನೆ?" ಹಾರ್ಮೆನ್ ಅಡುಗೆಮನೆಯ ಮೇಜಿನ ಮೇಲೆ ಹರಡಿದ್ದ ಯುರೋಪಿನ ನಕ್ಷೆಯನ್ನು ಬಗ್ಗಿ ನೋಡಿದ.

"ರೈಲು ಪಾಸ್ ಇರೋದೇ ಅದಕ್ಕೆ ಕಣೋ. ಮನಸ್ಸು ಬಂದ ರೈಲು ಹತ್ತೋದು, ಬೇಕಾದ ಕಡೆ ಇಳಿಯೋದು" ಎಂದಳು ಇನೆಕೆ. "ಬಾಸೆಲ್‌ವರೆಗೆ ಖಚಿತ. ಆಮೇಲೆ ಮಿಲಾನೋ, ವಿಯೆನ್ನಾನೋ, ನೋಡ್ತೀನಿ."

ಜ್ವೋಲೆ ಊರಿನ ಆ ಮನೆಗೆ ಕಾಫಿಗೆ ಬರುವವರೂ ವಾರ ಮೊದಲೇ ಹೇಳಿ ಬರಬೇಕು. ಅಂಥ ಮನೆಯ ಯಜಮಾನನಿಗೆ ಹೆಂಡತಿಯ ಈ ಉಡಾಫೆ ನುಂಗಲಾರದ ಬಿಸಿತುಪ್ಪವಾಗಿತ್ತು. ಅದಕ್ಕಿಂತ ಚುಚ್ಚಿದ್ದು, ಒಬ್ಬಳೇ ಹೋಗುತ್ತೇನೆಂಬ ಮಾತು.

ಅವನೆದ್ದು ಶೌಚಾಲಯಕ್ಕೆ ಹೋದ. ಆ ದೇಶದ ಎಲ್ಲರ ಮನೆಯಲ್ಲಿದ್ದಂತೆ ಅಲ್ಲಿನ ಗೋಡೆಗೆ ತೂಗುಹಾಕಿದ್ದ ಹುಟ್ಟುಹಬ್ಬದ ಕ್ಯಾಲೆಂಡರನ್ನು ತಂದು ನಕ್ಷೆಯ ಮೇಲಿಟ್ಟ. ಅಕ್ಟೋಬರ್ ಪುಟದಲ್ಲಿ ಒಂದೇ ಹೆಸರಿತ್ತು, ಯೋರಿಸ್. ಮಗ ತೀರಿಕೊಂಡು ವರ್ಷ ಕಳೆದಿದ್ದರೂ ಅದನ್ನು ಹೊಡೆದುಹಾಕಲು ಇಬ್ಬರಿಗೂ ಮನಸ್ಸು ಬಂದಿರಲಿಲ್ಲ.

"ಅವತ್ತು ಎಲ್ಲಿರ್ತೀಯ?"

"ರೈಲಲ್ಲಿ."

"ಜನ ಬರ್ತಾರೆ ಕಣೆ. ನಾನೊಬ್ಬನೇ ಕೂರ್ಲಾ?"

"ಬರಬೇಡಿ ಅಂತ ಹೇಳು. ಹೋದ ವರ್ಷ ನಿಮ್ಮಕ್ಕ ಆಡಿದ್ದು ಮರ್ತೋಯ್ತಾ?"

ಮರೆಯುವಂಥದ್ದಲ್ಲ. ಅಲ್ಲಿನ ರೂಢಿಯಲ್ಲಿ ಹುಟ್ಟುಹಬ್ಬವೆಂದರೆ ಹುಟ್ಟಿದವನಿಗಷ್ಟೇ ಅಲ್ಲ, ಅಪ್ಪ ಅಮ್ಮನಿಗೂ, ಅಜ್ಜಿಗೂ, ಪಕ್ಕದ ಮನೆಯವರಿಗೂ ಕೈಕುಲುಕಿ ಅಭಿನಂದನೆ ಹೇಳಬೇಕು. ಹೋದ ವರ್ಷ ಯೋರಿಸ್‌ನ ನೆನಪಿಗೆಂದು ಸುತ್ತಲೂ ಕುರ್ಚಿ ಹಾಕಿ ನೆಂಟರನ್ನು ಕರೆದಿದ್ದರು. ಬಾಗಿಲಲ್ಲೇ ಹಾರ್ಮೆನ್‌ನ ಅಕ್ಕ ತ್ರೂಸ್ ಇನೆಕೆಯ ಕೆನ್ನೆಗೆ ಮೂರು ಮುತ್ತು ಕೊಟ್ಟು, ರೂಢಿಬಿದ್ದ ನಾಲಿಗೆ, "ಮಗನ ಹುಟ್ಟುಹಬ್ಬಕ್ಕೆ ಅಭಿನಂದನೆ" ಎಂದುಬಿಟ್ಟಳು. ಆಡಿದವಳೇ ಗೊಳೋ ಎಂದು ಅತ್ತಳು. ಅವಳನ್ನು ಸಮಾಧಾನ ಮಾಡುವ ಕರ್ಮವೂ ಇನೆಕೆಗೇ ಬಂತು.

"ಆ ಮಾತು ಯಾರ ಬಾಯಲ್ಲೂ ಬಾರದ ಕಡೆ ಇರ್ಬೇಕು ನಂಗೆ" ಎಂದಳು. "ನೀನೂ ಬೇಡ. ನಿನ್ನ ಮುಖ ನೋಡಿದ್ರೆ ಅವನೇ ಕಾಣ್ತಾನೆ."

ಹಾರ್ಮೆನ್ ಕ್ಯಾಲೆಂಡರನ್ನು ಎತ್ತಿಕೊಂಡು ಹೋಗಿ ಇದ್ದಲ್ಲೇ ತೂಗುಹಾಕಿದ. ಮತ್ತೆ ಆ ವಿಷಯ ಎತ್ತಲಿಲ್ಲ.

ಹೊರಟ ಬೆಳಿಗ್ಗೆ ಅವಳ ಚೀಲ ಹೊತ್ತು ಪ್ಲಾಟ್‌ಫಾರ್ಮಿಗೆ ಬಂದ. ರೈಲು ಹತ್ತಿದವಳ ಬಲಗೈಯನ್ನು ಕೆಳಗಿನಿಂದಲೇ ಹಿಡಿದುಕೊಂಡ.

"ದಿನ ಇನ್ನೂ ಬಂದಿಲ್ಲ, ಗೊತ್ತು. ಅವತ್ತು ನೀನಿರಲ್ಲ. ಬೈಬೇಡ." ಅವನು ಆ ಕೈಯನ್ನು ಕುಲುಕಿದ. "ಮಗನ ಹುಟ್ಟುಹಬ್ಬಕ್ಕೆ ಅಭಿನಂದನೆ, ಇನೆಕೆ."

ಅವಳಿಗೆ ಕೈ ಕಿತ್ತುಕೊಳ್ಳಬೇಕೆನ್ನಿಸಿತು. ಆಗಲಿಲ್ಲ.

"ನಿನಗೂ" ಎಂದಳು.

ಬಾಗಿಲು ಮುಚ್ಚಿತು. ಊರು ದಾಟಿದ ಮೇಲೆ ಟಿಕೆಟ್ ನೋಡುವವನು ಬಂದು, "ಎಲ್ಲೀವರೆಗೆ, ಮೇಡಂ?" ಎಂದು ನಗುತ್ತಾ ಕೇಳಿದ. ಅವಳು ಎಡಗೈಯಿಂದಲೇ ಪಾಸನ್ನು ಚಾಚಿದಳು. ಹಾರ್ಮೆನ್ ಕುಲುಕಿದ್ದ ಬಲಗೈ ಮಡಿಲಲ್ಲಿ ಮುಷ್ಟಿ ಕಟ್ಟಿಯೇ ಇತ್ತು.