ರಾಗಿ ತೆನೆಯ ಹಿಡಿಕೆ

ನಾನು ಒಂದು ಹಿಡಿಕೆ. ಬಾಗಿಲಿನದಲ್ಲ, ಟ್ರಂಕಿನದಲ್ಲ, ಶವಪೆಟ್ಟಿಗೆಯದು. ಅಯ್ಯೋ, ಹೆದರಿ ಪುಟ ಮಗುಚಬೇಡಿ! ನನ್ನ ಕಥೆಯಲ್ಲಿ ಸತ್ತವರಿಗಿಂತ ಬದುಕಿರುವವರೇ ಹೆಚ್ಚು. ಸತ್ತವರು ಪೆಟ್ಟಿಗೆಯ ಒಳಗಿರುತ್ತಾರೆ, ನಾನು ಹೊರಗೆ. ನನ್ನನ್ನು ಮುಟ್ಟುವುದು ಬೆವರುವ, ನಡುಗುವ, ಬೀಡಿ ವಾಸನೆಯ ಬಿಸಿ ಕೈಗಳು. ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಅದಕ್ಕೇ ಹೇಳುವುದನ್ನೂ ಬೇಗ ಬೇಗ ಹೇಳಿಬಿಡುತ್ತೇನೆ.

ಹಿಡಿಕೆಯಾಗುವ ಮೊದಲು ನಾನು ದಬರಿಯಾಗಿದ್ದೆ. ಮೈಸೂರಿನಲ್ಲಿ, ಚರ್ಚಿನ ಹಿಂದಿನ ಗಲ್ಲಿಯಲ್ಲಿ, ಲೂರ್ದಮ್ಮನ ಅಡುಗೆಮನೆಯ ದೊಡ್ಡ ಅಲ್ಯೂಮಿನಿಯಂ ದಬರಿ. ಲೂರ್ದಮ್ಮ ನನ್ನನ್ನು ಎರಡು ಕಾಲಿನ ನಡುವೆ ಒತ್ತಿ ಹಿಡಿದು, ಕೋಲಿನಿಂದ ಹಿಟ್ಟು ತೊಳಸುತ್ತಿದ್ದಳು. ಹಬ್ಬದ ಮೆರವಣಿಗೆ ಮುಗಿಸಿ ಬಂದ ಬ್ಯಾಂಡ್‌ಸೆಟ್ಟಿನವರಿಗೆಲ್ಲ ಅವಳ ಮನೆಯಲ್ಲೇ ಊಟ. ಅಷ್ಟು ಮುದ್ದೆ ನನ್ನೊಳಗೆ ಬೆಂದಿದೆ.

ಲೂರ್ದಮ್ಮನ ಗಂಡ ಇನ್ನಾಸಪ್ಪ ಶವಪೆಟ್ಟಿಗೆ ಮಾಡುವ ಬಡಗಿ. ಮನೆಯ ಮುಂಭಾಗವೇ ಅಂಗಡಿ. ಅವನ ಪೆಟ್ಟಿಗೆಗೆ ಹಿಡಿಕೆ ಇರಲಿಲ್ಲ. ಅಡಿಗೆ ಎರಡು ಹಗ್ಗ ಹಾಕಿ ಎತ್ತಿಕೊಂಡು ಹೋಗುತ್ತಿದ್ದರು. ಲೂರ್ದಮ್ಮ ತೀರಿಕೊಂಡಾಗಲೂ ಹಗ್ಗವೇ. ಸ್ಮಶಾನದ ಮೆಟ್ಟಿಲ ಮೇಲೆ ಒಂದು ಹಗ್ಗ ಜಾರಿತು, ಪೆಟ್ಟಿಗೆ ವಾಲಿತು, ಒಳಗಿನಿಂದ ಧಡ್ ಎಂದು ಸದ್ದು ಕೇಳಿತು. ಅಷ್ಟೇ. ಕ್ಷಣದಲ್ಲಿ ಎಲ್ಲರೂ ಸೇರಿ ನೆಟ್ಟಗೆ ಮಾಡಿದರು. ಆದರೆ ಆ ಸದ್ದು ಅಪ್ಪ ಮಗಳಿಬ್ಬರ ಕಿವಿಯಿಂದ ಹೋಗಲೇ ಇಲ್ಲ. ಅಂದಿನಿಂದ ಇನ್ನಾಸಪ್ಪ ಪೆಟ್ಟಿಗೆ ಮಾಡಿದನೇ ಹೊರತು ಯಾರ ಪೆಟ್ಟಿಗೆಯನ್ನೂ ಎತ್ತಲಿಲ್ಲ, ಸ್ಮಶಾನದ ಗೇಟು ದಾಟಲಿಲ್ಲ. ಮಗಳು ಸಗಾಯಿ ಮಾತ್ರ ಬೇರೆ ದಾರಿ ಹಿಡಿದಳು. ಆಗ ಅವಳಿಗೆ ಇಪ್ಪತ್ತೆರಡು ವರ್ಷ. ತಲೆಯ ಹಿಂದೆ ಸದಾ ಒಂದು ಪೆನ್ಸಿಲ್.

"ಅಪ್ಪಾ, ಪೆಟ್ಗೆಗೆ ಹಿಡಿಕೆ ಹಾಕಾಣ" ಅಂದಳು ಒಂದು ದಿನ.

"ಯಾಕವ್ವಾ? ಒಳಗಿರೋರು ಬಾಗ್ಲು ತಗ್ದು ಆಚೆ ಬತ್ತಾರಾ?"

"ಎತ್ತೋರಿಗೆ."

"ಎತ್ತಕ್ಕೆ ಹಗ್ಗ ಅದೆ."

"ಹಗ್ಗ ಏನ್ ಮಾಡ್ತು ಅಂತ ನಿಂಗೊತ್ತಿಲ್ವಾ?"

ಉಜ್ಜುಗೊರಡು ನಿಂತಿತು. ಇನ್ನಾಸಪ್ಪ ಮರದ ಹೊಟ್ಟು ಊದಿ, "ಏನಾರ ಮಾಡ್ಕೊ" ಅಂದ. ಸಗಾಯಿ ಅದನ್ನು ಒಪ್ಪಿಗೆ ಎಂದೇ ತಿಳಿದಳು. ಅವಳು ಹಾಗೆ ತಿಳಿಯದೇ ಹೋಗಿದ್ದರೆ ನಾನು ಇವತ್ತಿಗೂ ದಬರಿ.

ಹಿಡಿಕೆ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ ಎಂದಲ್ಲ. ಉಳ್ಳವರ ಪೆಟ್ಟಿಗೆಗೆ ಹೊರಗಿನಿಂದ ಹಿತ್ತಾಳೆ ಬಣ್ಣದ ಹಿಡಿಕೆ ತರಿಸುತ್ತಿದ್ದರು. ಅದರ ಮೇಲೆ ಗೋಧಿ ತೆನೆ, ದ್ರಾಕ್ಷಿ ಗೊಂಚಲು. ಆ ಗಲ್ಲಿಯವರ ಕೈಗೆ ಅದು ಎಟುಕುವಂಥದ್ದಲ್ಲ. ಸಗಾಯಿ ಒಂದು ವಾರ ಚಿತ್ರ ಬರೆದಳು, ಹರಿದಳು, ಗೋಡೆಯ ಮೇಲೂ ಬರೆದಳು. ಕೊನೆಗೆ ಸಾಗುವಾನಿ ತುಂಡಿನಲ್ಲಿ ಒಂದು ಮಾದರಿ ಕೆತ್ತಿದಳು. ಗೋಧಿಯ ಜಾಗದಲ್ಲಿ ರಾಗಿ ತೆನೆ! ಹಣ್ಣಾದ ರಾಗಿ ತೆನೆ ನೋಡಿದ್ದೀರಲ್ಲ, ಮಡಚಿದ ಬೆರಳುಗಳ ಹಾಗೆ ಒಳಕ್ಕೆ ಸುರುಳಿ ಸುತ್ತಿರುತ್ತದೆ.

"ಗೋಧಿ ಯಾಕಪ್ಪಾ ನಮ್ಗೆ? ಮುದ್ದೆ ತಿಂದೋರು ನಾವು."

"ಬಸ್ಸಾರಿನ ಸೊಪ್ಪೂ ಕೆತ್ತು, ನಂಚ್ಕೊಳಕ್ಕಾಯ್ತದೆ" ಅಂದ ಇನ್ನಾಸಪ್ಪ. ಆದರೆ ಆ ಮಾದರಿಯನ್ನು ಕೈಗೆತ್ತಿಕೊಂಡು ಎರಡು ಸಲ ತಿರುಗಿಸಿ ನೋಡಿದ.

ಕಡಿಮೆ ಖರ್ಚಿನ ಉಪಾಯವನ್ನೂ ಅವಳೇ ಹುಡುಕಿದಳು. ಆರೇ ಆರು ಹಿಡಿಕೆ. ಮನೆಯಿಂದ ಸ್ಮಶಾನದವರೆಗೆ ಪೆಟ್ಟಿಗೆಯ ಮೇಲಿರುತ್ತವೆ. ಗುಂಡಿಯ ಹತ್ತಿರ ಬೋಲ್ಟು ಬಿಚ್ಚಿ ವಾಪಸ್ ತರುವುದು, ಮುಂದಿನವರಿಗೆ ಹಾಕುವುದು. ಯಾರೂ ಏನೂ ಕೊಡಬೇಕಿಲ್ಲ. ಎರಕಕ್ಕೆ ಲೋಹ ಬೇಕಲ್ಲ? ಆಗ ಅವಳ ಕಣ್ಣು ಅಟ್ಟದ ಮೇಲಿದ್ದ ನನ್ನ ಮೇಲೆ ಬಿತ್ತು. ಇಬ್ಬರಿಗೆ ಅಷ್ಟು ದೊಡ್ಡ ದಬರಿ ಬೇಕಾಗಿರಲಿಲ್ಲ. ನಾನು ಅಲ್ಲಿ ಧೂಳು ಕುಡಿಯುತ್ತಾ ಎರಡು ವರ್ಷ ಕಳೆದಿದ್ದೆ.

ಎರಕದ ಪುಟ್ಟಾಚಾರಿಯ ಕುಲುಮೆಯಲ್ಲಿ ನಾನು ಕರಗಿದೆ. ನೋವಾಯಿತೇ ಎಂದು ಕೇಳಬೇಡಿ, ಅಷ್ಟು ಹಗುರಾಗಿ ನಾನು ಹಿಂದೆಂದೂ ಇರಲಿಲ್ಲ. ಒದ್ದೆ ಮಣ್ಣಿನಲ್ಲಿ ಮಾದರಿ ಒತ್ತಿ, ತೆಗೆದು, ಆ ಗುಳಿಗೆ ನನ್ನನ್ನು ಸುರಿದರು. ಐದು ಹಿಡಿಕೆ ನುಣ್ಣಗೆ ಬಂದವು. ಆರನೆಯದು ನಾನು. ನನ್ನ ಸರದಿಗೆ ಸಗಾಯಿ ಆತುರದಲ್ಲಿ ಮಾದರಿಯನ್ನು ಎಳೆದುಬಿಟ್ಟಿದ್ದಳು. ಅಲ್ಲಲ್ಲಿ ಮಣ್ಣು ಉದುರಿತ್ತು. ಹಾಗಾಗಿ ನನ್ನ ಅಡಿಭಾಗದಲ್ಲಿ ಐದು ಗಂಟುಗಳು ಎದ್ದವು.

"ಏನಮ್ಮಣ್ಣಿ, ಹೆರಿಗೆ ಮಾಡ್ಸೋ ಹಂಗೆ ಎಳ್ದ್‌ಬುಟ್ಯಲ್ಲ!" ಅಂದ ಪುಟ್ಟಾಚಾರಿ. "ಮೊಡವೆ ಎದ್ದವೆ ನೋಡು. ಕರಗ್ಸ್‌ಬುಡ್ಲಾ?"

"ಇರ್ಲಿ ಆಚಾರ್ರೇ, ಅಡೀಗಲ್ವಾ? ಯಾರ್ ಬಗ್ಗಿ ನೋಡ್ತಾರೆ?"

ಹೀಗೆ ನಾನು ಉಳಿದುಕೊಂಡೆ. ಅವತ್ತು ಸಂಜೆ ಇನ್ನಾಸಪ್ಪ ಅಟ್ಟ ನೋಡಿ, "ದಬರಿ ಎಲ್ಲಿ?" ಅಂದ. ಸಗಾಯಿ ನಮ್ಮ ಆರೂ ಜನರನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಅವನು ನೋಡಿ ಒಳಗೆ ಹೋದ. ಮೂರು ದಿನ ಮಾತಾಡಲಿಲ್ಲ.

"ಅಪ್ಪಾ, ಅವ್ವನ್ ದಬರಿ ಎಲ್ಲೂ ಹೋಗಲ್ಲ" ಅಂದಳು ಮೂರನೆಯ ದಿನ. "ಹಿಡಿಕೆ ಮಣ್ಣಿಗೋಗಲ್ಲ. ಪ್ರತಿ ಸಲ ವಾಪಸ್ ಬತ್ತದೆ. ಆಣೆ ಮಾಡ್ತೀನಿ, ಬೇಕಾರೆ."

ಅವನು ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಆಣೆ ಬ್ಯಾಡ. ತಂದು ತೋರ್ಸು."

ಆ ಮಾತು ನನಗೂ ತಟ್ಟಿತು. ಅಂದಿನಿಂದ ನನ್ನ ಮೈಯೆಲ್ಲ ಚಡಪಡಿಕೆ. ಯಾವಾಗ ಹೋಗುತ್ತೇನೆ, ಯಾವಾಗ ವಾಪಸ್ ಬರುತ್ತೇನೆ, ಬರುತ್ತೇನೋ ಇಲ್ಲವೋ?

ಮೊದಲ ಕರೆ ಬಂತು. ಯಾರು ಗೊತ್ತೇ? ಬ್ಯಾಂಡ್‌ಸೆಟ್ಟಿನ ಚೌರಪ್ಪ, ದೊಡ್ಡ ಡೋಲು ಬಾರಿಸುತ್ತಿದ್ದವನು. ಆಳೂ ಡೋಲಿನ ಹಾಗೇ ಇದ್ದ, ನೂರು ಕೆಜಿ ದಾಟಿದ ಮೈ. ಅವನ ಹೆಂಡತಿ ಆರೋಗ್ಯಮ್ಮ ಬಾಗಿಲಲ್ಲಿ ನಿಂತು ಸೆರಗು ಕಚ್ಚಿ ಹೇಳಿದಳು: "ಸಗಾಯಿ, ನಿಮ್ಮವ್ವಂಗಾದಂಗೆ ಇವ್ರಿಗಾಗ್ಬಾರ್ದು ಕಣವ್ವ. ನಾನು ತಡ್ಕೊಳಲ್ಲ. ವಾಲ್ಬಾರ್ದು."

"ವಾಲಲ್ಲ ಅತ್ತೆ. ಹಿಡಿಕೆ ಅದೆ."

ಹೇಳುವುದು ಹೇಳಿಬಿಟ್ಟಳು. ಆಮೇಲೆ ಪೆಟ್ಟಿಗೆಗೆ ನಮ್ಮನ್ನು ಬಿಗಿಯುವಾಗ ಒಂದೊಂದನ್ನೂ ಎರಡೆರಡು ಸಲ ಎಳೆದು ನೋಡಿದಳು. ಹೊರಗಡೆ ಚೆನ್ನಾಗಿ ಕಾಣಲಿ ಎಂದು ನುಣ್ಣನೆ ಗುಂಡುತಲೆಯ ಬೋಲ್ಟು ತಂದಿದ್ದಳು. ತಲೆ ಹೊರಗೆ, ನಟ್ಟು ಪೆಟ್ಟಿಗೆಯ ಒಳಗೆ. ಐದು ಹಿಡಿಕೆ ಹೀಗೆ ಕೂತವು. ನನ್ನ ತೂತು ಸೊಟ್ಟಗಿತ್ತು. ಗುಂಡುತಲೆ ಕೂರಲಿಲ್ಲ. "ಇದೊಂದು ಶನಿ" ಎಂದು ಬೈದು ಬೋಲ್ಟನ್ನು ತಿರುವುಮುರುವು ಮಾಡಿ, ಒಳಗಿನಿಂದ ಹೊರಕ್ಕೆ ತೂರಿಸಿ, ನಟ್ಟನ್ನು ಹೊರಗೆ ಹಾಕಿದಳು. ನೋಡಲು ಅಸಹ್ಯವಾಗಿತ್ತು. ಕಾಣದಿರಲಿ ಎಂದು ಸೇವಂತಿಗೆ ಹೂವಿನ ತುಂಡೊಂದನ್ನು ಸುತ್ತಿದಳು.

ಹೊರಟೆವು. ಆರು ಹಿಡಿಕೆಗೆ ಆರು ಕೈ. ನನ್ನನ್ನು ಹಿಡಿದವನು ಚೌರಪ್ಪನ ತಮ್ಮ ರಾಯಪ್ಪ, ತುತ್ತೂರಿಯವನು. ಕೆಳಗಿನಿಂದ ನನಗೆ ಕಂಡಿದ್ದು ಅವನ ಗದ್ದ, ಗದ್ದದ ತುದಿಯಲ್ಲಿ ತೂಗುತ್ತಿದ್ದ ಒಂದು ಹನಿ. ಮುಂದೆ ಬ್ಯಾಂಡು ನುಡಿಯುತ್ತಿತ್ತು, ಡೋಲಿನ ಜಾಗ ಖಾಲಿ ಬಿಟ್ಟಿದ್ದರು. ನಡು ಮಧ್ಯಾಹ್ನ, ಬಿಸಿಲು. ಎಲ್ಲರ ಕೈಯೂ ಬೆವರಿತು. ನುಣ್ಣನೆಯ ನನ್ನ ಅಣ್ಣಂದಿರು ಜಾರತೊಡಗಿದರು.

"ಲೇ, ಜಾರ್ತದೆ ಕಣ್ಲಾ, ಕೈ ಬದಲಾಯ್ಸು!"

"ನಿಧಾನ, ನಿಧಾನ! ಅಣ್ಣ ಒಳಗಿಂದ ಎದ್ದು ಬೈತಾನೆ ಅಷ್ಟೆ."

ಮೆಟ್ಟಿಲು ಬಂತು. ಅದೇ ಮೆಟ್ಟಿಲು. ಮುಂದಿನ ಎಡಗಡೆಯವನ ಕೈ ಜಾರಿತು. ಪೆಟ್ಟಿಗೆಯ ಭಾರ ಥಟ್ಟನೆ ಅವನ ಹಿಂದೆಯೇ ಇದ್ದ ನನ್ನ ಕಡೆ ನೂಕಿತು. ಆರೋಗ್ಯಮ್ಮ "ಸ್ವಾಮೀ!" ಎಂದು ಕೂಗಿದಳು. ರಾಯಪ್ಪನ ನಾಲ್ಕು ಬೆರಳು ನನ್ನ ಐದು ಗಂಟುಗಳ ಸಂದಿನಲ್ಲಿ ಕಚ್ಚಿಕೊಂಡವು. ನಾನು ಹಲ್ಲು ಕಚ್ಚಿದೆ, ಗಂಟನ್ನೇ ಹಲ್ಲು ಅಂದುಕೊಳ್ಳಿ. ಅವನು ಬಿಡಲಿಲ್ಲ, ನಾನೂ ಬಿಡಲಿಲ್ಲ. ಪೆಟ್ಟಿಗೆ ಒಂದು ಬೆರಳಿನಷ್ಟೂ ವಾಲಲಿಲ್ಲ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ.

ಗುಂಡಿಯ ಮೇಲೆ ಎರಡು ಹಲಗೆ ಇಟ್ಟು ಪೆಟ್ಟಿಗೆ ಇಳಿಸಿದರು. ಫಾದರ್ ಪ್ರಾರ್ಥನೆ ಮುಗಿಸಿದರು, ನೀರು ಚಿಮುಕಿಸಿದರು. ಮುಚ್ಚಳಕ್ಕೆ ಮೊಳೆ ಹೊಡೆದಾಯಿತು. ಸಗಾಯಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ಮುಂದೆ ಬಂದಳು. ಮೊದಲ ಹಿಡಿಕೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು, ಕೂತೇ ಇದ್ದಳು. ಗುಂಡುತಲೆಯ ಬೋಲ್ಟಿಗೆ ಪಾನಾ ಎಲ್ಲಿ ಹಿಡಿಯುತ್ತದೆ? ಐದರ ನಟ್ಟುಗಳೂ ಒಳಗೆ, ಚೌರಪ್ಪನ ಜೊತೆ, ಮೊಳೆ ಹೊಡೆದ ಮುಚ್ಚಳದ ಕೆಳಗೆ!

"ಏನಾಯ್ತವ್ವಾ?" ಅಂದಳು ಆರೋಗ್ಯಮ್ಮ.

ಸಗಾಯಿ ಮುಚ್ಚಳದ ಮೊಳೆಗಳನ್ನು ನೋಡಿದಳು. ಮುಚ್ಚಳ ಕೀಳುವುದೇ? ಹೆಂಡತಿ ಮಕ್ಕಳ ಎದುರು, ಮೊಳೆ ಮೀಟಿ? ಆಗದು. ಹಾಗೆಯೇ ಬಿಟ್ಟರೆ ಅವ್ವನ ದಬರಿ ಮಣ್ಣಿಗೆ. ಅವಳು ಗೇಟಿನ ಕಡೆ ನೋಡಿದಳು. ಗೇಟಿನ ಹೊರಗೆ, ಬೇಲಿ ಹಿಡಿದು, ಇನ್ನಾಸಪ್ಪ ನಿಂತಿದ್ದ. ಮಗಳ ಹಿಡಿಕೆ ತಡೆಯುತ್ತದೋ ಇಲ್ಲವೋ ಎಂದು ನೋಡಲು ಅಲ್ಲಿಯವರೆಗೆ ಬಂದಿದ್ದ. ಅವಳ ಮುಖ ನೋಡಿದವನು ಗೇಟು ದಾಟಿ ಒಳಗೆ ಬಂದ. ಎಲ್ಲರೂ ದಾರಿ ಬಿಟ್ಟರು. ಅವನು ಬೋಲ್ಟಿನ ಮೇಲೆ ಹೆಬ್ಬೆರಳು ಆಡಿಸಿದ. ಬಡಗಿಯಲ್ಲವೇ, ಅವನಿಗೆ ಒಂದೇ ಸಲಕ್ಕೆ ಅರ್ಥವಾಯಿತು.

"ಅಪ್ಪಾ... ಐದರ ನಟ್ಟೂ ಒಳಗೆ..."

"ಕಾಣ್ತದೆ."

"ಅವ್ವನ್ ದಬರಿ..."

ಇನ್ನಾಸಪ್ಪ ಪೆಟ್ಟಿಗೆಯ ಮೇಲೆ ಕೈಯಿಟ್ಟ. "ಬುಡವ್ವಾ. ಇವ್ನು ಅವಳ ಕೈ ಮುದ್ದೆ ಕಮ್ಮಿ ತಿಂದವ್ನಾ? ಹಬ್ಬ ಹಬ್ಬಕ್ಕೂ ಐದೈದು ಇಳಿಸ್ತಿದ್ದ. ಐದೂ ಅವ್ನಿಗೇ ಇರ್ಲಿ."

ಯಾರೋ ಕಿಸಕ್ಕೆಂದರು. ನೋಡಿದರೆ ಆರೋಗ್ಯಮ್ಮ! ಅಳುತ್ತಿದ್ದವಳು ಹಾಗೇ ನಕ್ಕುಬಿಟ್ಟಳು. "ಆರು ಕಣಣ್ಣೋ. ಐದು ಎದುರ್ಗೆ, ಒಂದು ಮನೇಗೆ ಕಟ್ಕೊಂಡು ಬರೋರು."

ಇನ್ನಾಸಪ್ಪ ನನ್ನ ಮೇಲಿನ ಸೇವಂತಿಗೆ ಸರಿಸಿ, ಹೊರಗಿದ್ದ ನಟ್ಟನ್ನು ನೋಡಿ, ಮಗಳ ಕೈಯಿಂದ ಪಾನಾ ತಗೊಂಡ. "ಆರ್ನೇದು ನಂದು." ಬಿಚ್ಚಿದ. ಜೇಬಿಗೆ ಹಾಕಿಕೊಂಡ. ಆಮೇಲೆ ಹಗ್ಗದ ಒಂದು ತುದಿ ಹಿಡಿದು ಎಲ್ಲರ ಜೊತೆ ಪೆಟ್ಟಿಗೆಯನ್ನು ಇಳಿಸಿದ.

ಮನೆಗೆ ಬಂದು ನನ್ನನ್ನು ಮಗಳ ಮುಂದಿಟ್ಟ. "ವಾಪಸ್ ಬಂತಲ್ಲ."

ನನಗೆ ಸಂತೋಷವೇ ಆಗಲಿಲ್ಲ, ನಿಜ ಹೇಳುತ್ತೇನೆ. ಒಂದೇ ದಬರಿಯ ಐವರು ಒಟ್ಟಿಗೆ ಮಲಗಿದ್ದಾರೆ, ನಾನೊಬ್ಬನೇ ಇಲ್ಲಿ. ಆದರೆ ಕೊರಗಲು ಸಗಾಯಿ ಬಿಡಬೇಕಲ್ಲ! ಮರುವಾರವೇ ರಾಯಪ್ಪ ಬಂದು, "ಆ ಗಂಟಿರೋದೇ ಮಾಡು, ಸಗಾಯಿ. ನಂ ಕೈ ಉಳ್ಸಿದ್ದು ಅದೇಯ" ಅಂದ. ಅವಳು ನನ್ನನ್ನು ಪುಟ್ಟಾಚಾರಿಯ ಹತ್ತಿರ ಎತ್ತಿಕೊಂಡು ಓಡಿದಳು. ನಾನೇ ಅಚ್ಚಾದೆ! ಒದ್ದೆ ಮಣ್ಣಿನಲ್ಲಿ ನನ್ನನ್ನು ಒತ್ತುವುದು, ತೆಗೆಯುವುದು, ನಾನು ಬಿಟ್ಟುಹೋದ ಗುಳಿಗೆ ಲೋಹ ಸುರಿಯುವುದು. ಗಲ್ಲಿಯ ಹೆಂಗಸರು ತೂತುಬಿದ್ದ ಬೋಗುಣಿ, ಕೈಮುರಿದ ಕುಕ್ಕರು, ಸೊಟ್ಟ ಮುಚ್ಚಳ ತಂದು ಕೊಟ್ಟರು. ಸಗಾಯಿ ಈ ಸಲ ಪಾನಾ ಹಿಡಿಯುವ ಆರು ಮೂಲೆಯ ತಲೆಯ ಬೋಲ್ಟು ತಂದಳು, ನಟ್ಟನ್ನು ಪೆಟ್ಟಿಗೆಯ ಮರಕ್ಕೇ ಕೂರಿಸಿದಳು. ಹೊರಗಿನಿಂದ ತಿರುಗಿಸಿದರೆ ಹಿಡಿಕೆ ಕೈಗೆ ಬರುತ್ತಿತ್ತು.

ಹೀಗೆ ನಾನು ಎಷ್ಟು ಸಲ ಮಣ್ಣಿಗೆ ಹೋಗಿ ವಾಪಸ್ ಬಂದೆನೋ! ಬೇರೆ ಚರ್ಚುಗಳವರೂ ಆರಾರು ಹಿಡಿಕೆ ಒಯ್ದರು. ನನ್ನ ಮಕ್ಕಳು ಅಂಗಡಿಯ ಗೋಡೆಯ ಮೊಳೆಗಳಿಂದ ಎದ್ದು ಹೋಗುತ್ತಿದ್ದರು, ಸಂಜೆಗೆ ಬೇರೆ ಬೇರೆ ಕೈಗಳ ವಾಸನೆ ಹೊತ್ತು ಬರುತ್ತಿದ್ದರು. ಯಾರಿಗೆ? ಎಷ್ಟು ಭಾರ? ಮೆಟ್ಟಿಲು ಹೇಗೆ ದಾಟಿದಿರಿ? ನನ್ನ ಪ್ರಶ್ನೆ ಮುಗಿಯುತ್ತಿರಲಿಲ್ಲ. ನನಗೂ ಹೋಗಬೇಕು ಎನ್ನಿಸುತ್ತಿತ್ತು. ಅಚ್ಚನ್ನು ಯಾರು ಹೊರಗೆ ಕಳಿಸುತ್ತಾರೆ?

ಮಣ್ಣು ನನ್ನನ್ನು ಉಜ್ಜಿತು. ಹನ್ನೊಂದು ವರ್ಷಕ್ಕೆ ರಾಗಿಯ ಕಾಳುಗಳು ಸವೆದು ಸಪಾಟಾದವು. ಒಂದು ದಿನ ಪುಟ್ಟಾಚಾರಿ ನನ್ನನ್ನು ಬೆಳಕಿಗೆ ಹಿಡಿದು, "ಸಾಕಮ್ಮಣ್ಣಿ, ತಾತನ್ನ ಬುಟ್‌ಬುಡು" ಅಂದ. ಸಗಾಯಿ ಹೊಸ ಮಾದರಿ ಕೆತ್ತಿದಳು, ಐದು ಗಂಟನ್ನೂ ಅಳೆದು ಕೆತ್ತಿದಳು. ನಾನು ಮೊಳೆಯ ಡಬ್ಬಿ ಸೇರಿದೆ. ತುಕ್ಕು ಹಿಡಿದ ತಿರುಪುಗಳ ಮಧ್ಯೆ ಒದ್ದಾಡಿದೆ. ಯಾರಾದರೂ ಡಬ್ಬಿಗೆ ಕೈ ಹಾಕಿದಾಗಲೆಲ್ಲ ನಾನೇ ಮೊದಲು ಸಿಗುವಂತೆ ಮೇಲೆ ಬರಲು ನೋಡುತ್ತಿದ್ದೆ.

ಆಮೇಲೆ ಇನ್ನಾಸಪ್ಪನಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದವು. ಬದುಕಿಕೊಂಡ. ಆದರೆ ಮಂಚದಿಂದ ಏಳಲಾಗದು, ಮಗಳು ಎಬ್ಬಿಸಲು ಬಂದರೆ ರೇಗುತ್ತಿದ್ದ. ಕಿಟಕಿಯ ಸರಳಿಗೆ ಹಗ್ಗ ಕಟ್ಟಿಸಿಕೊಂಡು ತಾನೇ ಎಳೆದುಕೊಂಡು ಏಳಲು ನೋಡಿದ. ಹಗ್ಗ ಜಾರಿತು. ಧಡ್!

ಆ ಸದ್ದಿಗೆ ಸಗಾಯಿ ಓಡಿ ಬಂದಳು. ಅಪ್ಪನನ್ನು ಮೇಲೆತ್ತಿ ಕೂರಿಸಿದಳು. ಹೋಗಿ ಮೊಳೆಯ ಡಬ್ಬಿಯನ್ನು ನೆಲಕ್ಕೆ ಸುರಿದಳು. ನಾನು ಸಿಕ್ಕಿದೆ! ಮಂಚದ ಪಕ್ಕದ ಗೋಡೆಗೆ ಮರದ ಪಟ್ಟಿ ಹೊಡೆದು, ಅದಕ್ಕೆ ನನ್ನನ್ನು ಬಿಗಿದಳು.

ಇನ್ನಾಸಪ್ಪ ಒಂದು ಕಣ್ಣಿನಲ್ಲಿ ನನ್ನನ್ನು, ಇನ್ನೊಂದು ಕಣ್ಣಿನಲ್ಲಿ ಮಗಳನ್ನು ನೋಡಿದ. "ಏನವ್ವಾ, ಸಾಯಕ್ಕೆ ಮುಂಚೇನೆ ಹಾಕ್‌ಬುಟ್ಯಾ?"

"ಇದು ಏಳಕ್ಕಪ್ಪಾ. ಹಿಡ್ಕೊ."

ಅವನು ಬಲಗೈ ಚಾಚಿದ. ನಾಲ್ಕು ಬೆರಳು ನನ್ನ ಸಂದುಗಳನ್ನು ಹುಡುಕಿದವು. ಹೆಬ್ಬೆರಳು ಒಂದೊಂದೇ ಗಂಟನ್ನು ಸವರಿತು. "ದಬರಿ ತಳದಲ್ಲೂ ಹಿಂಗೇ ತಗ್ಗುದಿಣ್ಣೆ ಇತ್ತು ಅಲ್ವಾ?" ಅಂದ. ಉಸಿರು ಬಿಗಿ ಹಿಡಿದು ಎಳೆದ. ಎದ್ದು ಕೂತ.

ಈಗ ನಾನು ಇಲ್ಲೇ ಇದ್ದೇನೆ. ಬೆಳಿಗ್ಗೆ ಎದ್ದು ಕೂತವನು ನನ್ನ ಗಂಟುಗಳ ಮೇಲೆ ಬೆರಳಾಡಿಸಿ ಜಪಸರ ಹೇಳುತ್ತಾನೆ. ಹೋಗಿ ಐದು, ಬಂದು ಐದು, ಜಪಸರದ ಒಂದು ಸುತ್ತಿನ ಹತ್ತು ಮಣಿಯಾಯಿತು. ನನ್ನ ಬೋಲ್ಟಿನ ತಲೆ ಹೊರಗಿದೆ, ಪಾನಾ ಅಲ್ಲೇ ಮೊಳೆಗೆ ತೂಗುತ್ತಿದೆ. ಯಾಕೆಂದು ಅವನಿಗೂ ಗೊತ್ತು, ಮಗಳಿಗೂ ಗೊತ್ತು, ನನಗೂ ಗೊತ್ತು. ಆ ದಿನ ಬಂದಾಗ ಮೆಟ್ಟಿಲ ಮೇಲೆ ನಾನು ಜಾರುವುದಿಲ್ಲ. ನೂರಾರು ಜನರನ್ನು ಕೆಳಕ್ಕಿಳಿಸಿದ ಮನೆತನ ನನ್ನದು. ಆದರೆ ನನ್ನನ್ನು ಹಿಡಿದು ಮೇಲೆದ್ದವನು ಇವನೊಬ್ಬನೇ.

ಕಿಟಕಿಯಲ್ಲಿ ಬೆಳಕಾಗಿದೆ. ಮಂಚ ಕಿರುಗುಟ್ಟಿತು. ಬಾ ಇನ್ನಾಸಪ್ಪ, ಹಿಡಿ, ತಡವೇಕೆ!